ತಬೇಲಿಯ ಹಿಂದಿನ ಬಾಗಿಲು

ದೇಶಮುಖರ ವಾಡೆ ಬಿದ್ದುಹೋಗಿ ಬಹಳ ವರ್ಷಗಳಾಗಿದ್ದವು. ಅದರ ಕಲ್ಲುಗಳು ಊರಿನ ಎಷ್ಟೋ ಮನೆಗಳ ಪಾಯ ಸೇರಿ, ಯಾವುದು ಎಲ್ಲಿಯದೆಂದು ಯಾರಿಗೂ ಹೇಳಲಾಗದಂತಾಗಿತ್ತು. ಉಳಿದದ್ದು ವಾಡೆಯ ಪಡುವಣ ಮೂಲೆಯಲ್ಲಿದ್ದ ಕುದುರೆ ಲಾಯ ಒಂದೇ. ಊರವರ ಬಾಯಲ್ಲಿ ಅದು ತಬೇಲಿ. ಮುಂದುಗಡೆ ಮೂರು ಕಮಾನು, ಮೇಲೇರಿದರೆ ಒಬ್ಬರು ಆರಾಮಾಗಿ ಮಲಗಬಹುದಾದಷ್ಟು ದಪ್ಪನೆಯ ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಹಿರೋಳ್ಳಿ ಕಡೆಯಿಂದ ಬರುವವರಿಗೆ ಊರು ಕಾಣುವ ಮೊದಲು ಆ ತಬೇಲಿಯ ಬೆನ್ನು ಕಾಣುತ್ತಿತ್ತು.

ವಾಡೆಯ ಮನೆತನದವರಲ್ಲಿ ಊರಲ್ಲಿ ಉಳಿದಿದ್ದವರು ರುಕ್ಮಿಣಿಬಾಯಿ ಒಬ್ಬರೇ. ಗಡಿಯಾಚೆಯ ಮರಾಠಿ ಶಾಲೆಯೊಂದರಲ್ಲಿ ಕಲಿಸಿ, ನಿವೃತ್ತರಾಗಿ ಬಂದು, ತಬೇಲಿಯ ಎದುರಿಗೆ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಮಾತು ಜೋರು. ಬೀದಿಯಲ್ಲಿ ಮಕ್ಕಳು ಜಗಳವಾಡಿದರೆ ಕಿಟಕಿಯಿಂದಲೇ ನ್ಯಾಯ ಹೇಳುತ್ತಿದ್ದರು. ತಬೇಲಿಯ ಕಲ್ಲಿಗಾಗಿ ಆಸೆಪಟ್ಟು ಬಂದವರನ್ನೆಲ್ಲ ಹೊಸ್ತಿಲು ದಾಟಗೊಡದೆ ವಾಪಸು ಕಳಿಸಿದ್ದ ಅವರು, ಪಂಚಶೀಲಾ ಬಂದು ಕೇಳಿದಾಗ ಮಾತ್ರ ಒಳಗೆ ಕರೆದು ಕೂರಿಸಿದರು.

ಪಂಚಶೀಲಾ ಪಶುವೈದ್ಯೆ. ಗಂಡ ದಿಲೀಪನ ಜೊತೆ ಆಳಂದದಲ್ಲಿ ಇದ್ದಳು. ಹಾಲಿನ ಸಂಘವೊಂದರಲ್ಲಿ ಕೆಲವು ವರ್ಷ ದುಡಿದ ಮೇಲೆ, ತನ್ನ ಊರಿನಲ್ಲೇ ದನಗಳ ದವಾಖಾನೆ ತೆರೆಯಬೇಕೆಂಬ ಆಸೆ ಹುಟ್ಟಿತ್ತು. ಅವಳ ತಾಯಿ ಮಲ್ಕಮ್ಮನವರ ತಂದೆ ಜಗದೇವ ಅದೇ ತಬೇಲಿಯಲ್ಲಿ ದೇಶಮುಖರ ಕುದುರೆಗಳನ್ನು ನೋಡಿಕೊಂಡವರು. ಮುಂದಿನ ಕಮಾನುಗಳಿಂದ ಕುದುರೆಗಳೂ ಅವುಗಳ ಮೇಲೆ ಕೂರುವವರೂ ಓಡಾಡುತ್ತಿದ್ದರು. ಜಗದೇವ ಮತ್ತು ಅವರ ಹೆಂಡತಿ ಮಕ್ಕಳು ಓಡಾಡಬೇಕಾದದ್ದು ಹಿಂದಿನ ಗೋಡೆಯ ದಿಡ್ಡಿ ಬಾಗಿಲಿನಿಂದ. ಅದು ಎಷ್ಟು ಗಿಡ್ಡವೆಂದರೆ ಎಂಟು ವರ್ಷದ ಮಲ್ಕಮ್ಮ ಕೂಡ ಹುಲ್ಲಿನ ಹೊರೆಯನ್ನು ಹೊರಗೇ ಇಳಿಸಿ, ತಲೆ ತಗ್ಗಿಸಿ ಒಳಗೆ ಇಳಿದು, ಆಮೇಲೆ ಹೊರೆಯನ್ನು ಎಳೆದುಕೊಳ್ಳಬೇಕಿತ್ತು.

"ಕಲ್ಲ ಒಯ್ಯೋರಿಗಿ ನಾ ಕೊಡಂಗಿಲ್ಲ," ಎಂದರು ರುಕ್ಮಿಣಿಬಾಯಿ ಅಂದು. "ನೀ ಏನ್ ಮಾಡ್ತಿ ಅದನ್ನ?"

"ದನಾ ಕಟ್ತೇನಿ ಬಾಯಿಯವ್ರ. ಬ್ಯಾನಿ ಬಂದ ದನಾ."

"ತಬೇಲಿಗಿ ಜೀವ ಬೇಕು. ತಗೋ."

ಹಾಗೆ ತಬೇಲಿ ಪಂಚಶೀಲಾಳದಾಯಿತು. ಆದರೆ ಕೊಟ್ಟ ಮೇಲೆ ಸುಮ್ಮನಿರುವುದು ರುಕ್ಮಿಣಿಬಾಯಿಯವರ ಜಾಯಮಾನವಾಗಿರಲಿಲ್ಲ.

ಭೂಸನೂರಿನ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವ ದಿನಗಳಲ್ಲಿ ದುರಸ್ತಿ ಶುರುವಾಯಿತು. ಗಾರೆ ಕೆಲಸದ ಗೌಂಡಿ ಗುಡುಸಾಬರು ಆಳಂದದಿಂದ ಬಂದು ತಬೇಲಿಯ ಸುತ್ತ ಒಂದು ಸುತ್ತು ಹಾಕಿದರು. ಮುಂದಿನ ಗೋಡೆಗೆ ಹಿಂದೊಮ್ಮೆ ಬಾಡಿಗೆಗಿದ್ದ ಗೊಬ್ಬರದ ಅಂಗಡಿಯವನು ಸಿಮೆಂಟ್ ಬಡಿಸಿದ್ದ. ಅದು ಅಲ್ಲಲ್ಲಿ ಉಬ್ಬಿ ನಿಂತಿತ್ತು. ಮಾಳಿಗೆಯ ಅಂಚಿನಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟಿತ್ತು. ಮಳೆನೀರು ಬೀಳುವ ಕಲ್ಲಿನ ದೋಣಿ ಮುರಿದು, ನೀರೆಲ್ಲ ಹಿಂದಿನ ಗೋಡೆಯ ಮೇಲೇ ಹರಿದಿತ್ತು. ಹಿಂದಿನ ಗೋಡೆಯಂತೂ ಸಂದುಗಳ ಮಣ್ಣು ಕಳೆದುಕೊಂಡು ಹಲ್ಲು ಬಿಟ್ಟುಕೊಂಡಂತೆ ಕಾಣುತ್ತಿತ್ತು. ದಿಡ್ಡಿ ಬಾಗಿಲ ಮೇಲಿದ್ದ ಕಟ್ಟಿಗೆಯ ತೊಲೆಯನ್ನು ಗೆದ್ದಲು ತಿಂದಿತ್ತು. ಅದರ ಮೇಲಿನ ಕಲ್ಲುಗಳು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದವು.

"ಹೊರಗಿಂದ ಪೂರಾ ಸಿಮೆಂಟ್ ಹೊಡ್ದು ಬಿಡ್ರಿ ಡಾಕ್ಟರ್ ಮೇಡಮ್," ಎಂದರು ಗುಡುಸಾಬರು. "ಮ್ಯಾಲ ತಗಡಿನ ಪತ್ರಾ ಹಾಕ್ರಿ. ಮಳಿಗಾಲದ ಮದ್ಲ ನಿಮ್ಮ ಕೈಗಿ ಕೊಡ್ತೇನಿ."

ಪಂಚಶೀಲಾ ಮುಂದಿನ ಗೋಡೆಯ ಉಬ್ಬಿದ ಸಿಮೆಂಟಿನ ಒಂದು ಚಕ್ಕೆಯನ್ನು ಉಗುರಿನಿಂದ ಮೀಟಿದಳು. ಅದು ಕಳಚಿ ಬಿತ್ತು. ಹಿಂದೆ ಅಂಟಿಕೊಂಡು ಕಲ್ಲಿನ ಮೇಲ್ಮೈಯ ಒಂದು ಪದರವೂ ಬಂತು. ಒಳಗೆ ಒದ್ದೆ.

"ಚಾಚಾ, ಇದು ಗಾಯದ ಮ್ಯಾಲ ಪ್ಲಾಸ್ಟಿಕ್ ಕಟ್ಟಿದಂಗ ಆಗ್ಯಾದ. ಒಳಗ ಕೊಳೀಲಿಕ್ಕತ್ತದ. ಸುಣ್ಣದ ಗಾರಿ ಮಾಡಾಕ ಬರ್ತದೇನ್ರಿ ನಿಮಗ?"

ಗುಡುಸಾಬರು ನಕ್ಕರು. "ನಮ್ಮ ಅಬ್ಬಾಗ ಬರ್ತಿತ್ತು. ನಾ ಸಿಮೆಂಟಿನ ಮನುಷ್ಯಾ. ಖರೆ ಹೇಳ್ಬೇಕಂದ್ರ ಒಮ್ಮಿಯೂ ಮಾಡಿಲ್ಲ."

"ನಾನೂ ಮಾಡಿಲ್ಲ. ಇಬ್ರೂ ಕಲಿಯೂಣು."

ಎದುರು ಮನೆಯ ಕಿಟಕಿಯಿಂದ ದನಿ ಬಂತು. "ಕಲೀಲಿಕ್ಕ ನಮ್ಮ ತಬೇಲೀನೇ ಸಿಕ್ತೇನು ನಿಮಗ?"

"ಈಗ ನಮ್ಮ ತಬೇಲಿ ಬಾಯಿಯವ್ರ!" ಎಂದು ಪಂಚಶೀಲಾ ಕೂಗಿ ಹೇಳಿದಳು.

"ಹೌದ್ಹೌದು. ನಿಂದೇ. ಜರಾ ನೋಡ್ಕೊಂಡು ಮಾಡು ಅಂದೆ ಅಷ್ಟೇ."

ಸುಣ್ಣ ತರಿಸಿ ತೊಟ್ಟಿಯಲ್ಲಿ ಅರಳಿಸಿದರು. ಮರಳು, ಇಟ್ಟಂಗಿ ಪುಡಿ ಬೆರೆಸಿದರು. ಬೆಲ್ಲದ ನೀರು ಹಾಕುತ್ತಿದ್ದರೆಂದು ಗುಡುಸಾಬರಿಗೆ ನೆನಪಿತ್ತು, ಎಷ್ಟೆಂದು ನೆನಪಿರಲಿಲ್ಲ. ಮೊದಲ ಸಲ ಬೆಲ್ಲ ಹೆಚ್ಚಾಗಿ ಇರುವೆಗಳು ಮುತ್ತಿದವು. ಅದನ್ನು ನೋಡಿ ಮಲ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶೀಲಾ, ಇದು ಗ್ವಾಡಿಗಿ ಮಾಡಿದ್ಯೋ, ಹೋಳಗಿ ಹೂರಣಾನೋ?"

ಅವರು ದಿನವೂ ಹೊಲದಿಂದ ಬರುವಾಗ ತಬೇಲಿಗೆ ಹಾಯುತ್ತಿದ್ದರು. ಮಗಳಿಗೂ ಗುಡುಸಾಬರಿಗೂ ರೊಟ್ಟಿ, ಪುಂಡಿಪಲ್ಯ ತರುತ್ತಿದ್ದರು. ಬಂದರೆ ಹಿಂದಿನ ಗೋಡೆಯ ಕಡೆ ಹೋಗುತ್ತಿರಲಿಲ್ಲ. ಕಮಾನಿನ ಕೆಳಗೆ ಕೂತು, ಎಲ್ಲರೂ ಉಂಡ ಮೇಲೆ ಬುತ್ತಿಯ ಬಟ್ಟೆ ಜಾಡಿಸಿಕೊಂಡು ಎದ್ದುಬಿಡುತ್ತಿದ್ದರು.

ಹಿಂದಿನ ಗೋಡೆಯ ಮೇಲೆ ಎರಡು ಕಡೆ ಹೊಸ ಗಾರೆ ತುಂಬಿ ನೋಡಿದರು. ಒಂದು ಎದೆಯೆತ್ತರದಲ್ಲಿ, ಒಂದು ನೆಲದ ಹತ್ತಿರ. ಗೋಣಿಚೀಲ ಕಟ್ಟಿ ನೀರು ಹಾಕಿ ಹದ ಮಾಡಿದರು. ಕೆಲವು ದಿನಗಳ ಮೇಲೆ ನೋಡಿದರೆ ಮೇಲಿನದು ಗಟ್ಟಿಯಾಗಿ ಕೂತಿತ್ತು. ಕೆಳಗಿನದು ಕೈ ಹಚ್ಚಿದರೆ ಹಿಟ್ಟಿನಂತೆ ಉದುರಿತು. ಮತ್ತೆ ತುಂಬಿದರು. ಮತ್ತೆ ಉದುರಿತು.

ಗುಡುಸಾಬರು ಸೋತವರಂತೆ ತಲೆ ಕೆರೆದುಕೊಂಡರು. ಪಂಚಶೀಲಾ ಒಳಗೆ ಹೋಗಿ ಗೋಡೆಗೆ ಅಂಗೈ ಹಚ್ಚಿದಳು. ಮೊಳಕಾಲಿನೆತ್ತರದವರೆಗೆ ತಣ್ಣಗೆ ಒದ್ದೆಯಿತ್ತು. ಹೊರಗೆ ಬಂದು ನಿಂತಳು. ಒಳಗಿನ ನೆಲಕ್ಕಿಂತ ಹೊರಗಿನ ನೆಲ ಎಷ್ಟು ಎತ್ತರದಲ್ಲಿದೆ ಎಂಬುದು ಆಗ ಅವಳ ಗಮನಕ್ಕೆ ಬಂತು. ಹಿಂದಿನ ಗೋಡೆಗೆ ಆನಿಸಿಕೊಂಡು ಒಂದು ದಿಬ್ಬವೇ ಬೆಳೆದಿತ್ತು. ಮೇಲೆ ಹುಲ್ಲು, ಜಾಲಿ ಕಂಟಿ.

"ಚಾಚಾ, ಕಾಲು ಕೆಸರಾಗ ನಿಂತದ. ಮೈಗಿ ಎಷ್ಟ ಔಷಧ ಹಚ್ಚಿದ್ರ ಏನು? ಈ ಮಣ್ಣ ತೆಗೀಬೇಕು. ಗ್ವಾಡಿ ಉದ್ದಕ್ಕ."

"ತೆಗಿಯೂಣ್ರಿ. ಆದ್ರ ಈ ಸಣ್ಣ ಬಾಗಲದ ಬಾಜೂಕ ಹುಷಾರ್ ಇರ್ಬೇಕು. ಮ್ಯಾಲಿನ ತೊಲಿ ಹೋಗ್ಯಾದ. ಬಾಗಲ ಕಲ್ಲಿಲೆ ಮುಚ್ಚಿದ್ರ ಚಲೋ. ಗ್ವಾಡಿಗೂ ಬಲ ಬರ್ತದ."

ಬಾಗಿಲು ಮುಚ್ಚುವ ಮಾತು ಮರುದಿನವೇ ಎದುರು ಮನೆಗೆ ಮುಟ್ಟಿತು. ರುಕ್ಮಿಣಿಬಾಯಿ ಕೋಲು ಊರಿಕೊಂಡು ಬಂದರು. ಮಲ್ಕಮ್ಮನವರೂ ಬುತ್ತಿ ತಂದು ಕೂತಿದ್ದರು.

"ಮುಚ್ಚಿಬಿಡು ಡಾಕ್ಟರ್," ಎಂದರು ರುಕ್ಮಿಣಿಬಾಯಿ. "ಅಲ್ಲೊಂದು ಬಾಗಲ ಇತ್ತಂತ ಗೊತ್ತಾಗ್ಬಾರ್ದು, ಹಂಗ ಮುಚ್ಚು. ಅದೇ ಕಲ್ಲು, ಅದೇ ಸಾಲು. ನಾಳಿ ನಾಕು ಊರಿನ ಮಂದಿ ನಿನ್ನ ದವಾಖಾನಿಗಿ ಬರ್ತಾರ. ಇದು ಯಾರ ಬಾಗಲ, ಯಾಕ ಇಷ್ಟು ಗಿಡ್ಡ ಅಂತ ಕೇಳ್ತಾರ."

"ಕೇಳಿದ್ರ ಏನಾಗ್ತದ?" ಎಂದರು ಮಲ್ಕಮ್ಮ ತಲೆ ಎತ್ತದೆ.

"ಏನ್ ಹೇಳ್ಬೇಕವ್ವ ನಾವು?"

"ನೀವ್ ಏನ್ ಹೇಳ್ತೀರೋ ನಂಗ ಗೊತ್ತಿಲ್ಲ. ನಾ ಅಂತೂ ಹೇಳ್ತೇನಿ. ಇದು ನಮ್ಮ ಬಾಗಲ ಅಂತ."

ಪಂಚಶೀಲಾ ತಾಯಿಯ ಮುಖ ನೋಡಿದಳು. ತಾಯಿ ಆ ಬಾಗಿಲನ್ನು ಕಂಡರೆ ಬೇಸರಪಡುತ್ತಾರೆ, ಮುಚ್ಚಿಸಿದರೆ ಹಗುರಾಗುತ್ತಾರೆ ಎಂದುಕೊಂಡೇ ಅವಳು ಗುಡುಸಾಬರ ಮಾತಿಗೆ ಹೂಂ ಅಂದಿದ್ದಳು.

"ಯವ್ವ, ನಿಂಗ ಅದು ಬ್ಯಾಡ ಅನ್ಸಿತ್ತು ಅಂತ ತಿಳ್ಕೊಂಡಿದ್ದೆ."

"ನಂಗ ಆ ಕಡಿ ಹೋಗಾಕ ಮನಸ ಬರಂಗಿಲ್ಲ, ಖರೆ. ಹಂಗಂತ ಮುಚ್ಚು ಅಂದಿಲ್ಲ. ಮುಂದಿನ ಕಮಾನ ಚಂದ ಅದಾವ, ಅವನ್ನ ಇಟ್ಕೋತಿ. ನಮ್ಮಪ್ಪ ಓಡ್ಯಾಡಿದ್ದು ಮುಚ್ಚಿಬಿಡ್ತಿ. ಆಮ್ಯಾಲ ಇಲ್ಲಿ ಬರೇ ಕುದ್ರಿ ಇದ್ದುವಂತ ಆಗ್ತದ, ಕುದ್ರಿ ನೋಡ್ಕೊಂಡ ಮನುಷ್ಯಾ ಇದ್ದಿಲ್ಲಂತ ಆಗ್ತದ."

ರುಕ್ಮಿಣಿಬಾಯಿಯವರ ಮುಖ ಕೆಂಪಾಯಿತು. "ನಾ ಹಂಗ ಅಂದ್ನೇನು ಮಲ್ಕಮ್ಮ? ನಂಗ ನಾಚಿಕಿ ಆಗ್ತದ. ಅದಕ್ಕ ಮುಚ್ಚು ಅಂದೆ."

"ನಿಮಗ ನಾಚಿಕಿ ಆದ್ರ ನಮ್ಮ ಬಾಗಲ ಯಾಕ್ರಿ ಮುಚ್ಚಬೇಕು?"

ಗುಡುಸಾಬರು ಎದ್ದು ಹೋಗಿ, ಅಗತ್ಯವಿಲ್ಲದಿದ್ದರೂ ಸುಣ್ಣದ ತೊಟ್ಟಿಯನ್ನು ಕಲಕತೊಡಗಿದರು. ರುಕ್ಮಿಣಿಬಾಯಿ ಕೋಲು ಊರುತ್ತ ಮನೆಗೆ ಹೋದರು. ಮಲ್ಕಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಮಗಳ ಕಡೆ ಸರಿಸಿದರು.

"ಉಣ್ಣು. ಆಕಿ ಕೆಟ್ಟಾಕಿ ಅಲ್ಲ. ಸಣ್ಣಾಕಿ ಇದ್ದಾಗ ಕುದ್ರಿ ಮೈ ತಿಕ್ಕಾಕ ನನ್ ಕೂಡ ಜಗಳಾ ಮಾಡ್ತಿದ್ಳು. ಬಿಳಿ ಕುದ್ರಿ ಒಂದಿತ್ತು. ಎಡಕಿನ ಬಾಜೂ ಆಕೀದು, ಬಲಕಿಂದು ನಂದು."

"ನಿಂಗ ಆಕಿ ಮ್ಯಾಲ ಸಿಟ್ಟು ಅದ ಏನ್ ಇಲ್ಲ?"

ಮಲ್ಕಮ್ಮ ಯೋಚಿಸಿದರು. "ಅದ. ಪ್ರೀತೀನೂ ಅದ. ಎರಡೂ ಇಟ್ಕೊಂಡೇ ಇಷ್ಟ ವರ್ಷ ಒಂದೇ ಊರಾಗ ಇದ್ದೇವಿ. ಏನ್ ತ್ರಾಸ ಆಗಿಲ್ಲ."

ಬಾಗಿಲಿನ ವಿಷಯ ಅಲ್ಲಿಗೆ ಬಿಟ್ಟು, ದಿಬ್ಬ ತೆಗೆಯುವ ಕೆಲಸ ಹಿಡಿದರು. ಗೋಡೆಯ ಎರಡೂ ತುದಿಗಳಿಂದ ಅಗೆಯುತ್ತ ನಡುವಿಗೆ ಬರುವುದೆಂದು ಪಂಚಶೀಲಾ ಹೇಳಿದಳು. ಒಮ್ಮೆಲೇ ಭಾರ ತೆಗೆದರೆ ಗೋಡೆ ಎಲ್ಲಿ ಜರಗುತ್ತದೋ ಎಂದು ಹೆದರಿ, ತುಸು ತುಸುವೇ ತೆಗೆಸಿದಳು. ಬಾಗಿಲಿನ ಮೇಲಿನ ಕಲ್ಲುಗಳಿಗೆ ಗುಡುಸಾಬರು ಮರದ ಆಸರೆ ಕೊಟ್ಟರು. ಗುದ್ದಲಿಗೆ ಸಿಕ್ಕಿದ್ದು ಬರೀ ಮಣ್ಣಲ್ಲ. ಬೂದಿ, ಒಡೆದ ಗಡಿಗೆಯ ಚೂರು, ಇದ್ದಿಲು, ಬಳೆಯ ತುಂಡು, ಮೂಳೆ, ಮತ್ತೆ ಬೂದಿ. ಮೇಲುಗಡೆ ಈಚಿನ ಪ್ಲಾಸ್ಟಿಕ್ ಕಸ. ಕೆಳಗೆ ಹೋದಂತೆ ಬೂದಿಯೇ ಬೂದಿ.

ದಿಡ್ಡಿ ಬಾಗಿಲ ಹತ್ತಿರ ಬಂದಾಗ ಗುಡುಸಾಬರು ಗುದ್ದಲಿ ನಿಲ್ಲಿಸಿ ಕರೆದರು. "ಮೇಡಮ್, ಇಲ್ಲಿ ನೋಡ್ರಿ."

ಬಾಗಿಲಿನ ಎರಡು ಬದಿಯ ಉದ್ದ ಕಲ್ಲುಗಳು ಹೊಸ್ತಿಲಿನಲ್ಲಿ ಮುಗಿದಿರಲಿಲ್ಲ. ಅಗೆದಷ್ಟೂ ಕೆಳಕ್ಕೆ ಇಳಿದಿದ್ದವು. ಎಲ್ಲರೂ ಹೊಸ್ತಿಲೆಂದು ತಿಳಿದದ್ದು, ಎರಡು ಕಂಬದ ನಡುವೆ ಆಮೇಲೆ ಯಾರೋ ಅಡ್ಡ ಪೇರಿಸಿದ ಕಲ್ಲಿನ ಸಾಲುಗಳು. ಹೊರಗಿನ ಬೂದಿ ಒಳಗೆ ಜಾರದಿರಲೆಂದು ಇಟ್ಟದ್ದು. ಅವು ಅಕ್ಕಪಕ್ಕದ ಗೋಡೆಗೆ ಬೆಸೆದುಕೊಂಡೇ ಇರಲಿಲ್ಲ. ಇನ್ನೂ ಕೆಳಗೆ, ಬೂದಿಯ ತಳದಲ್ಲಿ, ನಿಜವಾದ ಹೊಸ್ತಿಲು ಸಿಕ್ಕಿತು. ಒಂದೇ ಉದ್ದನೆಯ ಕಲ್ಲು. ನಡುವೆ ಕಾಲು ತಾಗಿ ತಾಗಿ ಸವೆದು ನುಣ್ಣಗಾಗಿತ್ತು.

ಪಂಚಶೀಲಾ ಆ ಹೊಸ್ತಿಲ ಮೇಲೆ ನಿಂತಳು. ಆಸರೆ ಕೊಟ್ಟ ತೊಲೆ ಅವಳ ತಲೆಯಿಂದ ಒಂದು ಗೇಣು ಮೇಲಿತ್ತು.

ಅವಳು ಫೋನ್ ಮಾಡಿ ತಾಯಿಯನ್ನು ಕರೆಸಿದಳು. ಮಲ್ಕಮ್ಮ ಹೊಲದಿಂದ ಹಾಗೇ ಬಂದರು, ಕೈಯಲ್ಲಿ ಕುಡುಗೋಲು. ಮಗಳು ನಿಂತದ್ದನ್ನು ದೂರದಿಂದಲೇ ನೋಡಿದರು. ಹತ್ತಿರ ಬಂದು ಬಾಗಿಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಆಮೇಲೆ ತೆಗೆದು ಹಾಕಿದ ಬೂದಿಯ ಗುಡ್ಡೆಯನ್ನು ನೋಡಿದರು. ಅಷ್ಟರಲ್ಲಿ ಗದ್ದಲ ಕೇಳಿ ರುಕ್ಮಿಣಿಬಾಯಿಯೂ ಬಂದು ಅವರ ಪಕ್ಕದಲ್ಲಿ ನಿಂತಿದ್ದರು.

"ಇದು ದೊಡ್ಡ ಬಾಗಲ," ಎಂದರು ಮಲ್ಕಮ್ಮ. ದನಿ ಸಣ್ಣಗಿತ್ತು. "ಕಟ್ಟಿದೋರು ಮನುಷ್ಯಾ ನಡ್ಯಾಕ ಕಟ್ಟ್ಯಾರ."

"ಹೌದು," ಎಂದರು ರುಕ್ಮಿಣಿಬಾಯಿ.

"ದಿನಾ ಮುಂಜಾನಿ ವಾಡೇದಾಗಿಂದ ಬುಟ್ಟಿ ಬರ್ತಿತ್ತು. ಒಲಿ ಬೂದಿ, ಕಸಾ. ಇಲ್ಲೇ ಸುರೀತಿದ್ರು. ನಮ್ಮಪ್ಪ ಸಲಕಿ ತಗೊಂಡು ಬಾಗಲ ಮುಂದಿಂದು ಜರಗಸ್ತಿದ್ದ. ಜರಗಿಸಿದಷ್ಟೂ ಬರ್ತಿತ್ತು. ನಮ್ಮಪ್ಪಗಿಂತ ಮದ್ಲ, ಅವರಪ್ಪನ ಕಾಲದಾಗೂ ಬರ್ತಿರ್ಬೇಕು. ನಾ ಹುಟ್ಟೂದ್ರಾಗ ಬಾಗಲ ಅರ್ಧ ಹೂತು ಹೋಗಿತ್ತು." ಅವರು ರುಕ್ಮಿಣಿಬಾಯಿಯವರ ಕಡೆ ತಿರುಗಿದರು. "ಬಾಯಿ, ನಾವು ಬಗ್ಗಿದ್ದು ಬಾಗಲಕ್ಕಲ್ಲ. ನಿಮ್ಮನಿ ಬೂದಿಗಿ."

ಸಮಜಾಯಿಷಿ ರುಕ್ಮಿಣಿಬಾಯಿಯವರ ಬಾಯಿಗೆ ಬಂದಂತೆ ಕಂಡಿತು. ಆ ಕಾಲವೇ ಹಾಗಿತ್ತು ಎನ್ನಬಹುದಿತ್ತು. ಅನ್ನಲಿಲ್ಲ. ಕೋಲು ಬಿಟ್ಟು ಬಾಗಿಲ ಪಕ್ಕದ ಕಲ್ಲು ಹಿಡಿದು ನಿಂತರು. ಮಲ್ಕಮ್ಮನವರ ಕಣ್ಣಲ್ಲಿ ನೀರು ಬಂತು. ಅದು ಯಾವುದರ ನೀರೆಂದು ಕೇಳಿದ್ದರೆ ಅವರಿಗೂ ಹೇಳಲಾಗುತ್ತಿರಲಿಲ್ಲ. ನಡು ಬಗ್ಗಿಸಿಯೇ ಓಡಾಡಿ ತೀರಿಹೋದ ಅಪ್ಪನಿಗೆ ಇದನ್ನು ತೋರಿಸಲಾಗಲಿಲ್ಲವೆಂಬ ಸಂಕಟವಿತ್ತು. ಬಾಗಿಲು ಗಿಡ್ಡದ್ದಲ್ಲ ಎಂಬುದರಲ್ಲಿ ವಿಚಿತ್ರವಾದ ಸಂತೋಷವೂ ಇತ್ತು.

ಆ ದಿನ ಮಲ್ಕಮ್ಮ ಒಳಗೆ ಹೋಗಲಿಲ್ಲ. ಕುಡುಗೋಲು ಎತ್ತಿಕೊಂಡು ಮತ್ತೆ ಹೊಲಕ್ಕೆ ಹೊರಟುಬಿಟ್ಟರು. ಮರುದಿನ ಬುತ್ತಿ ಬಂದದ್ದು ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ. ಅದರ ಮರುದಿನವೂ ಹಾಗೇ. ಎದುರು ಮನೆಯ ಕಿಟಕಿಯೂ ಮುಚ್ಚಿತ್ತು. ಪಂಚಶೀಲಾಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಹಳೆಯ ಗೋಡೆಯನ್ನು ಒಣಗಿಸಲು ಹೋಗಿ, ತಾನು ಈ ಇಬ್ಬರು ಮುದುಕಿಯರನ್ನು ದೂರ ಮಾಡಿದೆನೇನೋ ಎಂದು ಅವಳಿಗೆ ಅನ್ನಿಸಿತು. ಸಂಜೆ ತಾಯಿಯ ಮನೆಗೆ ಹೋಗಿ ಮಾತು ತೆಗೆದರೆ, "ನಂಗೇನ್ ಆಗಿಲ್ಲ, ತಲಿ ಬ್ಯಾನಿ," ಎಂಬ ಉತ್ತರ ಬಂತು.

ಮೂರನೆಯ ದಿನ ಬೆಳಿಗ್ಗೆ ರುಕ್ಮಿಣಿಬಾಯಿ ತಾವೇ ಮಲ್ಕಮ್ಮನವರ ಮನೆಗೆ ಹೋದರು. ಊರಿನ ಆ ಓಣಿಗೆ ಅವರು ಕೋಲಿನ ಸದ್ದು ಮಾಡುತ್ತ ಹೋದದ್ದನ್ನು ಎಲ್ಲರೂ ನೋಡಿದರು. ಮಲ್ಕಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಅವರು ಮೊರ ಕೆಳಗಿಟ್ಟು, ಕೂರಲು ಮಣೆ ಸರಿಸಿದರು.

"ಕೂಡಾಕ ಬಂದಿಲ್ಲ ನಾ," ಎಂದರು ರುಕ್ಮಿಣಿಬಾಯಿ. ಆದರೂ ಕೂತರು. "ಮಲ್ಕಮ್ಮ, ನಾ ಮುಚ್ಚು ಅಂದಿದ್ದು ತಪ್ಪು. ಎರಡ ದಿನದಿಂದ ನಿದ್ದಿ ಇಲ್ಲ. ಆ ಬಾಗಲ ನಾ ಎಂದೂ ದಾಟಿಲ್ಲ. ಇಷ್ಟು ವರ್ಷಾತು, ಒಮ್ಮಿಯೂ ದಾಟಿಲ್ಲ."

"ನೀವ್ಯಾಕ ದಾಟ್ತೀರಿ? ನಿಮಗ ಕಮಾನ ಇದ್ವು."

"ಈಗ ದಾಟಬೇಕು ಅನ್ಸೇದ. ನೀ ಮುಂದ ನಡಿ. ನಾ ಹಿಂದಿಂದ ಬರ್ತೇನಿ."

ಮಲ್ಕಮ್ಮ ತಕ್ಷಣ ಏಳಲಿಲ್ಲ. ಮೊರ ಎತ್ತಿಕೊಂಡು ಇನ್ನಷ್ಟು ತೊಗರಿ ಕೇರಿದರು. ಹೊಟ್ಟು ಹಾರಿ ರುಕ್ಮಿಣಿಬಾಯಿಯವರ ಸೀರೆಯ ಮೇಲೆಲ್ಲ ಬಿತ್ತು. ರುಕ್ಮಿಣಿಬಾಯಿ ಜಾಡಿಸಿಕೊಳ್ಳಲಿಲ್ಲ.

"ಚಹಾ ಕುಡೀತೀರೇನು?" ಎಂದು ಕೊನೆಗೆ ಮಲ್ಕಮ್ಮ ಕೇಳಿದರು.

"ಸಕ್ರಿ ಇಲ್ದಂಗ."

"ನಮ್ಮನ್ಯಾಗ ಸಕ್ರಿ ಇಲ್ದ ಚಹಾ ಮಾಡಂಗಿಲ್ಲ. ಕುಡಿದ್ರ ಕುಡೀರಿ."

"ಹಾಕು ಬೇ. ಒಂದ ದಿನಕ್ಕ ಸಾಯಂಗಿಲ್ಲ."

ಚಹಾ ಕುಡಿದು ಇಬ್ಬರೂ ತಬೇಲಿಗೆ ಬಂದರು. ಪಂಚಶೀಲಾ ಮತ್ತು ಗುಡುಸಾಬರು ಅವರನ್ನು ನೋಡಿ ಸುಮ್ಮನೆ ದಾರಿ ಬಿಟ್ಟರು. ಮಲ್ಕಮ್ಮ ಅಗೆದ ಗುಂಡಿಯೊಳಗೆ ಇಳಿದರು, ಸೀರೆಯ ನಿರಿಗೆ ಎತ್ತಿ ಹೊಸ್ತಿಲ ಮೇಲೆ ಕಾಲಿಟ್ಟರು. ಅಭ್ಯಾಸಬಲದಿಂದ ತಲೆ ತಾನಾಗಿಯೇ ತಗ್ಗಿತು. ಮಗಳು, "ಯವ್ವ, ಎತ್ತು," ಎಂದಳು. ಅವರು ಎತ್ತಿದರು. ನೆಟ್ಟಗೆ ನಿಂತು, ಸ್ವಲ್ಪ ಹೊತ್ತು ಅಲ್ಲೇ ನಿಂತು, ಒಳಗೆ ಹೋದರು. ಅವರ ಹಿಂದೆ ರುಕ್ಮಿಣಿಬಾಯಿ ಹೋದರು. ಒಳಗಿನ ಕತ್ತಲೆಯಲ್ಲಿ ಇಬ್ಬರೂ ಏನೋ ಮಾತಾಡಿಕೊಂಡರು. ಪಂಚಶೀಲಾಳಿಗೆ ಕೇಳಿಸಲಿಲ್ಲ. ಆಮೇಲೆ ನಗು ಕೇಳಿಸಿತು.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು. ಅಡ್ಡ ಪೇರಿಸಿದ್ದ ಕಲ್ಲಿನ ಸಾಲುಗಳನ್ನು ತೆಗೆದರು. ಕೊಳೆತ ತೊಲೆಯ ಜಾಗಕ್ಕೆ ಏನು ಹಾಕಬೇಕೆಂಬ ಚರ್ಚೆ ಬಂತು. ಗುಡುಸಾಬರು ಕಬ್ಬಿಣದ ಪಟ್ಟಿ ಎಂದರು. ಅದು ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆಂದು ಪಂಚಶೀಲಾ ಅನುಮಾನಿಸಿದಳು. ಜೇವರ್ಗಿ ಕಡೆಯ ದಪ್ಪನೆಯ ಹಾಸುಗಲ್ಲು ತರಿಸೋಣವೆಂದು ರುಕ್ಮಿಣಿಬಾಯಿ ಹೇಳಿದರು. ಕರಿಕಲ್ಲಿನ ಗೋಡೆಯಲ್ಲಿ ಆ ಬೂದುಗಲ್ಲು ಬೇರೆಯಾಗಿ ಕಾಣುತ್ತದಲ್ಲ ಎಂದು ಪಂಚಶೀಲಾ ಹಿಂದೆಗೆದಳು.

"ಕಾಣ್ಲಿ," ಎಂದರು ಮಲ್ಕಮ್ಮ. "ಹೊಸಾದು ಹೊಸಾದಂಗ ಕಾಣ್ಲಿ. ಯಾರಿಗಿ ಸುಳ್ಳ ಹೇಳೂದದ?"

ಆ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಬೂದುಬಣ್ಣದ ಕಲ್ಲು ಬಂದು ಕೂತಿತು. ಗೋಡೆಯುದ್ದಕ್ಕೂ ನೀರು ಹರಿದು ಹೋಗಲು ಕಲ್ಲು ಹಾಸಿದ ಕಾಲುವೆ ಮಾಡಿದರು. ಮುರಿದ ದೋಣಿಯ ಬದಲಿಗೆ ಹೊಸದನ್ನು ಗೋಡೆಯಿಂದ ಮುಂದಕ್ಕೆ ಚಾಚಿ ಇಟ್ಟರು. ಅರಳಿ ಸಸಿಯನ್ನು ಬೇರುಸಮೇತ ಬಿಡಿಸಿ, ಸಾಯಿಸಲು ಮನಸ್ಸಾಗದೆ, ಕೆರೆಯ ದಂಡೆಗೆ ನೆಟ್ಟುಬಂದರು. ತಗಡಿನ ಪತ್ರಾ ಬೇಡವೆಂದು ಮಾಳಿಗೆಗೆ ನೀರು ತಡೆಯುವ ಹಾಳಮಣ್ಣನ್ನು ಹೊಸದಾಗಿ ಹಾಕಿ ಬಡಿದರು. ಬಿಸಿಲಿನಲ್ಲಿ ದನಗಳಿಗೆ ಅದೇ ತಂಪು.

ಮುಂದಿನ ಗೋಡೆಯ ಸಿಮೆಂಟ್ ಮಾತ್ರ ಪೂರ್ತಿ ಬಿಡಿಸಲಾಗಲಿಲ್ಲ. ಉಬ್ಬಿದ್ದು ಸುಲಭವಾಗಿ ಬಂತು. ನಡುವಿನ ಕಂಬಗಳ ಮೇಲಿನದು ಬಿಗಿಯಾಗಿ ಕಚ್ಚಿಕೊಂಡಿತ್ತು. ಉಳಿ ಹಚ್ಚಿದರೆ ಕಲ್ಲಿನ ಮೂಲೆಯೇ ಮುರಿಯಿತು. ಪಂಚಶೀಲಾ ಗುಡುಸಾಬರ ಕೈ ಹಿಡಿದು ನಿಲ್ಲಿಸಿದಳು.

"ಬಿಡ್ರಿ ಚಾಚಾ. ಅದು ತಾನೇ ಸಡಿಲಾದ ದಿನಾ ತೆಗಿಯೂಣು. ಅಲ್ಲೀ ತನಕ ಇರ್ಲಿ."

"ಚಂದ ಕಾಣಂಗಿಲ್ಲರಿ."

"ಕುಂಟೋ ಎತ್ತನ್ನ ಚಂದ ಕಾಣಲಿ ಅಂತ ಕಾಲ ತಿರುವಂಗಿಲ್ಲ ನಾವು."

ಗುಡುಸಾಬರು ನಕ್ಕು ಉಳಿ ಕೆಳಗಿಟ್ಟರು. ಈಗ ಸುಣ್ಣದ ಗಾರೆ ಅವರ ಕೈಗೆ ಹತ್ತಿತ್ತು. ಹಿಂದಿನ ಗೋಡೆಯ ಸಂದುಗಳನ್ನು ತುಂಬುತ್ತ ಅವರು ಒಮ್ಮೊಮ್ಮೆ ಹಿಂದೆ ಸರಿದು ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳುತ್ತಿದ್ದರು. ತಮ್ಮ ಅಬ್ಬಾ ಇದ್ದಿದ್ದರೆ ಇನ್ನೂ ಬೈಯುತ್ತಿದ್ದರು, ಆದರೆ ಸ್ವಲ್ಪ ಕಡಿಮೆ ಬೈಯುತ್ತಿದ್ದರು ಎಂದು ಒಂದು ದಿನ ಹೇಳಿದರು.

ಹಿಂದಿನ ಬಾಗಿಲಿಗೆ ಕದ ಬೇವಿನದೋ ಜಾಲಿಯದೋ ಎಂದು ಮುದುಕಿಯರಿಬ್ಬರೂ ಒಂದು ವಾರ ವಾದಿಸಿದರು. ಬೇವು ಗೆದ್ದಿತು. ಬಣ್ಣದ ವಿಷಯದಲ್ಲಿ ಮಲ್ಕಮ್ಮ ನೀಲಿ ಎಂದರೆ ರುಕ್ಮಿಣಿಬಾಯಿ ಹಸಿರು ಎಂದರು. ಪಂಚಶೀಲಾ ಇಬ್ಬರ ಮಾತನ್ನೂ ಕೇಳದೆ ಬರೀ ಎಣ್ಣೆ ಹಚ್ಚಿಸಿದಳು. ಆ ದಿನ ಇಬ್ಬರೂ ಒಂದಾಗಿ ಅವಳನ್ನು ಬೈದರು.

ಮಳೆ ಶುರುವಾದ ಮೊದಲ ವಾರದಲ್ಲೇ, ಇನ್ನೂ ಬೋರ್ಡು ಕೂಡ ಹಾಕಿರಲಿಲ್ಲ, ಮಸೂದ ಎಂಬ ರೈತ ಹೊಲದ ದಾರಿಯಿಂದ ಒಂದು ಎಮ್ಮೆಯನ್ನು ಹೊಡೆದುಕೊಂಡು ಬಂದ. ಎಮ್ಮೆಗೆ ಬೆಳಗಿನಿಂದ ಈಯುವ ನೋವು, ಕರು ಅಡ್ಡ ಸಿಕ್ಕಿತ್ತು. ಕೆಸರಿನಲ್ಲಿ ಊರು ಸುತ್ತಿ ಮುಂದಿನ ಕಮಾನಿಗೆ ಹೋಗುವಷ್ಟು ತ್ರಾಣ ಅದಕ್ಕಿರಲಿಲ್ಲ. ಹಿಂದಿನ ಬಾಗಿಲು ತೆರೆದಿತ್ತು. ಎಮ್ಮೆ ಒಂದು ಕ್ಷಣ ನಿಂತು, ಕೊಂಬು ಓರೆ ಮಾಡಿ, ಒಳಗೆ ಬಂತು.

ಪಂಚಶೀಲಾ ಸೀರೆ ಎತ್ತಿ ಕಟ್ಟಿ, ತೋಳಿಗೆ ಸಾಬೂನು ಹಚ್ಚಿ, ಮಲಗಿಬಿಟ್ಟಿದ್ದ ಎಮ್ಮೆಯ ಹಿಂದೆ ತಾನೂ ನೆಲದ ಮೇಲೆ ಮಲಗಿಯೇ ಕೈ ಹಾಕಿದಳು. ಮಲ್ಕಮ್ಮ ಎಮ್ಮೆಯ ತಲೆ ಹಿಡಿದು ಅದರ ಕಿವಿಯಲ್ಲಿ ಏನೇನೋ ಹೇಳುತ್ತಿದ್ದರು. ರುಕ್ಮಿಣಿಬಾಯಿ ಬಿಸಿನೀರಿನ ಕೊಡ ಹೊತ್ತು ಬಂದರು, ಅರ್ಧ ಚೆಲ್ಲಿಕೊಂಡು. ಬಹಳ ಹೊತ್ತಿನ ಮೇಲೆ ಕರುವಿನ ಕಾಲು ನೇರಕ್ಕೆ ಬಂತು, ಆಮೇಲೆ ಮೂತಿ, ಆಮೇಲೆ ಒಮ್ಮೆಲೇ ಎಲ್ಲವೂ. ಕರು ಉಸಿರಾಡಲಿಲ್ಲ. ಪಂಚಶೀಲಾ ಅದರ ಮೂಗು ಒರೆಸಿ, ಹುಲ್ಲುಕಡ್ಡಿಯಿಂದ ಹೊಳ್ಳೆ ಕೆಣಕಿದಳು.

"ತಿಕ್ಕು ಯವ್ವ, ಜೋರ್ ತಿಕ್ಕು!"

ಮಲ್ಕಮ್ಮ ಒಣಹುಲ್ಲು ಹಿಡಿದು ಕರುವಿನ ಬಲಬದಿ ತಿಕ್ಕತೊಡಗಿದರು. ರುಕ್ಮಿಣಿಬಾಯಿ ಕೋಲು ಬಿಸಾಕಿ ಎಡಬದಿಗೆ ಕೂತರು. ಕರು ಸೀನಿತು. ಕಿವಿ ಒದರಿತು. ಮಸೂದ ಗೋಡೆಗೆ ಒರಗಿ ಕೂತು, "ಯಾ ಅಲ್ಲಾ," ಎಂದು ಕಣ್ಣು ಮುಚ್ಚಿದ.

"ಹೆಣ್ಗರು," ಎಂದಳು ಪಂಚಶೀಲಾ ಮುಖದ ಬೆವರು ಮೊಳಕೈಯಿಂದ ಒರೆಸಿಕೊಳ್ಳುತ್ತ.

ಮುದುಕಿಯರಿಬ್ಬರೂ ತಿಕ್ಕುವುದನ್ನು ನಿಲ್ಲಿಸಿರಲಿಲ್ಲ. ಎಮ್ಮೆ ಎದ್ದು ತಿರುಗಿ ಬಂದು, ಅವರನ್ನು ಮೂತಿಯಿಂದ ಆಚೆ ತಳ್ಳಿ, ತಾನೇ ಕರುವನ್ನು ನೆಕ್ಕತೊಡಗಿತು.